ಏರಿಗಿಂತ ಇಳಿಜಾರು ನೋಡಿ ಆರಿಸಿ: ಕೊಡಗಿನಲ್ಲಿ ಹದಿನೆಂಟರ ಮಕ್ಕಳಿಗೆ ಮೊದಲ ಸೆಕೆಂಡ್ ಹ್ಯಾಂಡ್ ಕಾರು

ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಇಂಜಿನ್ನಿಗೆ ಅಷ್ಟೇನೂ ಕೆಲಸವಿಲ್ಲ. ದುಡಿಯುವುದು ಬ್ರೇಕು, ಟೈರು ಮತ್ತು ಘಳಿಗೆಗೊಮ್ಮೆ ಮಂಜು ಕಟ್ಟುವ ಮುಂದಿನ ಗಾಜು. ಆದರೂ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಮೊದಲು ಕೇಳುವುದು ಪುಲ್ಲಿಂಗ್ ಹೇಗಿದೆ, ಮೈಲೇಜ್ ಎಷ್ಟು ಎಂದೇ. ಲೈಸೆನ್ಸ್ ಕೈಗೆ ಬಂದು ತಿಂಗಳಾಗದ ಮಗನಿಗೋ ಮಗಳಿಗೋ ಕೊಡಿಸುವ ಕಾರಿಗೆ ಈ ಪ್ರಶ್ನೆಗಳು ಆಮೇಲೆ. ನಿಲ್ಲಬೇಕಾದಲ್ಲಿ ನಿಲ್ಲುತ್ತದೆಯೇ, ಜಡಿಮಳೆಯಲ್ಲಿ ದಾರಿ ಕಾಣುತ್ತದೆಯೇ, ಗುದ್ದಿದರೆ ಒಳಗಿದ್ದವರನ್ನು ಕಾಯುತ್ತದೆಯೇ ಎಂಬ ಮೂರು ಮಾತು ಮೊದಲು. ಇವು ಸರಿಯಿದ್ದು ಹಣ ಉಳಿದರೆ ಅಲಾಯ್ ವೀಲು, ಮ್ಯೂಸಿಕ್ ಸಿಸ್ಟಂ.

ಇನ್ನೂ 18 ತುಂಬದವರ ಮಾತು ಇಲ್ಲಿಲ್ಲ. ತೋಟದೊಳಗಿನ ಖಾಸಗಿ ರಸ್ತೆಯಲ್ಲಿ ಕ್ಲಚ್ ಬಿಡುವುದನ್ನು ಕಲಿಸಿದ್ದೀರಿ ಎಂದು ಗೇಟು ದಾಟಿಸಿ ಸಾರ್ವಜನಿಕ ರಸ್ತೆಗೆ ಬಿಡಬೇಡಿ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಡಿ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು, ₹25,000 ದಂಡವಿದೆ. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ, ಗಾಡಿ ಓಡಿಸಿದ ಮಗುವಿಗೆ 25 ವರ್ಷದವರೆಗೆ ಲೈಸೆನ್ಸ್ ಸಿಗುವುದಿಲ್ಲ.

ಯಾವ ಕಾರು

ತಯಾರಾದ ತಿಂಗಳು, ವರ್ಷವನ್ನು ಮೊದಲು ಕೇಳಿ. 2019ರ ಜುಲೈ ನಂತರ ತಯಾರಾದ ಕಾರುಗಳಲ್ಲಿ ಚಾಲಕರ ಏರ್‌ಬ್ಯಾಗ್, ಸೀಟ್ ಬೆಲ್ಟ್ ಎಚ್ಚರಿಕೆ, ವೇಗದ ಎಚ್ಚರಿಕೆ, ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯ. ಅದಕ್ಕಿಂತ ಹಳೆಯ ಕಾರಾದರೆ ಮಾದರಿಯ ಹೆಸರು ನೋಡಿ ತೃಪ್ತಿಪಡಬೇಡಿ, ಯಾವ ಶ್ರೇಣಿ ಎಂದು ನೋಡಿ. ಒಂದೇ ಕಾರಿನ ಬೇಸ್ ಶ್ರೇಣಿಯಲ್ಲಿ ಏರ್‌ಬ್ಯಾಗೂ ಎಬಿಎಸ್ಸೂ ಇಲ್ಲದೆ, ಮೇಲಿನ ಶ್ರೇಣಿಯಲ್ಲಿ ಎರಡೂ ಇರುತ್ತಿದ್ದವು. ಒದ್ದೆ ತಿರುವಿನಲ್ಲಿ ಹೊಸ ಚಾಲಕರು ಹೆದರಿ ಬ್ರೇಕನ್ನು ಪೂರ್ತಿ ಒತ್ತಿಬಿಡುತ್ತಾರೆ. ಎಬಿಎಸ್ ಇಲ್ಲದಿದ್ದರೆ ಚಕ್ರ ಲಾಕಾಗಿ, ಸ್ಟೀರಿಂಗ್ ತಿರುಗಿಸಿದರೂ ಕಾರು ನೇರ ಚರಂಡಿಗೇ ಜಾರುತ್ತದೆ. ಕೊಡಗಿಗೆ ಎಬಿಎಸ್ ಇಲ್ಲದ ಕಾರು ಬೇಡ, ಎಷ್ಟೇ ಅಗ್ಗಕ್ಕೆ ಸಿಕ್ಕರೂ.

ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯ ಫಲಿತಾಂಶಗಳು ಬಿಟ್ಟಿಯಾಗಿ ಸಿಗುತ್ತವೆ, ನೋಡಿಕೊಳ್ಳಿ. ದೊಡ್ಡವರ ರಕ್ಷಣೆಯಲ್ಲಿ ಎರಡು ಏರ್‌ಬ್ಯಾಗಿನ ಫೋಕ್ಸ್‌ವ್ಯಾಗನ್ ಪೋಲೊ 2014ರಲ್ಲಿ 4 ತಾರೆ, ಟೊಯೊಟಾ ಎಟಿಯೋಸ್ 2016ರಲ್ಲಿ 4, ಟಾಟಾ ನೆಕ್ಸಾನ್ 2018ರ ಕೊನೆಯಲ್ಲಿ 5, 2020ರಲ್ಲಿ ಆಲ್ಟ್ರೋಜ್ 5 ಮತ್ತು ಟಿಯಾಗೊ 4 ತಾರೆ ಪಡೆದವು. ಊರಲ್ಲೆಲ್ಲ ಕಾಣುವ ಸ್ವಿಫ್ಟ್‌ಗೆ 2018ರಲ್ಲಿ ಬಂದದ್ದು 2. ಸ್ವಿಫ್ಟ್ ಬಿಡಿಭಾಗ ಎಲ್ಲ ಕಡೆ ಸಿಗುತ್ತದೆ, ಮಾರುವಾಗ ಬೆಲೆಯೂ ಬರುತ್ತದೆ, ಅದು ನಿಜ. ಆದರೂ ಒಂದೇ ಬಜೆಟ್ಟಿನಲ್ಲಿ ಚೆನ್ನಾಗಿರುವ ಟಿಯಾಗೊ ಸಿಗುವುದಾದರೆ ನಮ್ಮ ಓಟು ಅದಕ್ಕೆ.

ಇಂಜಿನ್ 1.2 ಲೀಟರ್ ಪೆಟ್ರೋಲ್ ಸಾಕು. 800 ಸಿಸಿಯ ಕಾರಿನಲ್ಲಿ ನಾಲ್ವರು ಕೂತು ಮಾಕುಟ್ಟದ ಘಾಟಿ ಹತ್ತುವಾಗ ಹಿಂದಿನಿಂದ ಲಾರಿ ಹಾರ್ನ್ ಹೊಡೆಯುತ್ತದೆ, ಓಡಿಸುವವರು ಗಾಬರಿಯಾಗಿ ಎಡಕ್ಕೆ ಸರಿದು ರಸ್ತೆ ಬಿಡುತ್ತಾರೆ. ಶಕ್ತಿ ಮಿತಿಮೀರಿದರೆ ಅದರದೇ ಬೇರೆ ಅಪಾಯ. ನೆಲದಿಂದ ಎತ್ತರ 165-170 ಮಿಲಿಮೀಟರ್ ಇದ್ದರೆ ತೋಟದ ರಸ್ತೆಯ ನಡುವಿನ ದಿಬ್ಬ ತಳಕ್ಕೆ ಅಷ್ಟಾಗಿ ತಾಗುವುದಿಲ್ಲ. ಬಿಎಸ್6 ಡೀಸೆಲ್ ಕಾರಿನ ಹೊಗೆ ಸೋಸುವ ಡಿಪಿಎಫ್ ತಾನೇ ಶುಚಿಯಾಗಬೇಕಾದರೆ ಆಗಾಗ ಹೆದ್ದಾರಿಯ ಒಂದೇ ಸಮನಾದ ಓಟ ಬೇಕು. ದಿನಾ ಮನೆಯಿಂದ ಕಾಲೇಜಿಗೆ ಐದಾರು ಕಿಲೋಮೀಟರ್ ಮಾತ್ರ ಓಡಿದರೆ ಅದು ಕಟ್ಟಿಕೊಳ್ಳುತ್ತದೆ.

ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಿಸುವ ಹಳೆಯ ಎಎಂಟಿ ಕಾರುಗಳ ಬಗ್ಗೆ ಒಂದು ಎಚ್ಚರಿಕೆ. ಅವುಗಳಲ್ಲಿ ಹಲವಕ್ಕೆ ಏರಿನಲ್ಲಿ ಕ್ಷಣಕಾಲ ತಾನೇ ಬ್ರೇಕ್ ಹಿಡಿದಿಡುವ ಹಿಲ್ ಹೋಲ್ಡ್ ಇಲ್ಲ. ಏರಿನಲ್ಲಿ ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರ್ ಒತ್ತುವಷ್ಟರಲ್ಲಿ ಹಿಂದಕ್ಕೆ ಉರುಳುತ್ತವೆ. ಹ್ಯಾಂಡ್ ಬ್ರೇಕ್ ಹಾಕಿ ಹೊರಡುವ ಅಭ್ಯಾಸವಾಗದಿದ್ದರೆ ಹಿಂದಿನ ಗಾಡಿಯ ಬಂಪರ್ ಹೋಯಿತೆಂದೇ ಲೆಕ್ಕ.

ಇನ್ನು ಜೀಪು. ಕೊಡಗಿನ ಮನೆಗಳಲ್ಲಿ ಅಜ್ಜನ ಕಾಲದ ಜೀಪಿನ ಮೇಲೆ ಇರುವ ಪ್ರೀತಿ ದೊಡ್ಡದು, ಮಕ್ಕಳೂ ಅದನ್ನೇ ಕೇಳುತ್ತಾರೆ. ಕೆಸರಿನಲ್ಲಿ ಕಾಫಿ ಮೂಟೆ ಎಳೆಯಲು ಅದಕ್ಕೆ ಸಮನಿಲ್ಲ. ಆದರೆ ಏರ್‌ಬ್ಯಾಗಿಲ್ಲ, ಎಬಿಎಸ್ಸಿಲ್ಲ, ಹಲವಕ್ಕೆ ಸರಿಯಾದ ಬೆಲ್ಟೂ ಇಲ್ಲ, ಎತ್ತರವಾದ್ದರಿಂದ ತಿರುವಿನಲ್ಲಿ ಬೇಗ ಮಗುಚುತ್ತದೆ. ಅದು ತೋಟದೊಳಗೇ ಇರಲಿ.

ಕಾರು ನಿಂತಲ್ಲೇ ನೋಡುವುದು

ಸಾಧ್ಯವಾದರೆ ಮಳೆ ಬರುವ ದಿನ ಹೋಗಿ. ಬಾಗಿಲಿನ ರಬ್ಬರ್ ಸೋರುವುದು, ವೈಪರ್ ಗೀರುವುದು, ಹೆಡ್‌ಲೈಟಿನೊಳಗೆ ನೀರು ಕೂರುವುದೆಲ್ಲ ಬಿಸಿಲಲ್ಲಿ ತಿಳಿಯುವುದಿಲ್ಲ. ಇಂಜಿನ್ ತಣ್ಣಗಿರಬೇಕೆಂದು ಮೊದಲೇ ಹೇಳಿ. ನೀವು ಹೋಗುವಷ್ಟರಲ್ಲಿ ಬಾನೆಟ್ ಬಿಸಿಯಾಗಿದ್ದರೆ ಸ್ಟಾರ್ಟಿಂಗ್ ತೊಂದರೆಯನ್ನೋ ಹೊಗೆಯನ್ನೋ ಮುಚ್ಚಿರಬಹುದು.

ತುಕ್ಕಿನಿಂದ ಶುರುಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಡಿಗಳ ತಳ ಒಣಗುವುದೇ ಇಲ್ಲ, ತೋಟದ ಕೆಂಪು ಮಣ್ಣು ಮೂಲೆಗಳಲ್ಲಿ ಕೂತು ನೀರು ಹಿಡಿದಿಟ್ಟುಕೊಳ್ಳುತ್ತದೆ. ಬಾಗಿಲಿನ ಕೆಳಅಂಚು, ಚಕ್ರದ ಮೇಲಿನ ಕಮಾನಿನ ಒಳಭಾಗ, ಜಾಕ್ ಕೊಡುವ ಜಾಗ, ಡಿಕ್ಕಿಯ ಚಾಪೆ ಎತ್ತಿ ಸ್ಟೆಪ್ನಿ ಕೂರುವ ಗುಳಿ, ಇಷ್ಟನ್ನು ಟಾರ್ಚ್ ಹಿಡಿದು ನೋಡಿ. ಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದಾಗ ಪುಡಿ ಉದುರಿದರೆ, ಜಾಕ್ ಜಾಗ ಮೆತ್ತಗಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ತಳಕ್ಕೆ ಹೊಚ್ಚಹೊಸದಾಗಿ ಕಪ್ಪು ಕೋಟಿಂಗ್ ಹೊಡೆದಿದ್ದರೆ ಅನುಮಾನ ಇನ್ನೂ ಹೆಚ್ಚಲಿ. ಕೆಎ-19, ಕೆಎ-20 ಎಂದರೆ ಮಂಗಳೂರು, ಉಡುಪಿಯ ಕಾರು. ಕಡಲ ಉಪ್ಪುಗಾಳಿ ಸೇರಿರುತ್ತದೆ. ಮೈಸೂರಿನ ಕೆಎ-09, ಕೆಎ-55 ಕಾರುಗಳು ಸಮತಟ್ಟಿನಲ್ಲಿ ಓಡಿದವು, ಕ್ಲಚ್ಚಿಗೂ ತಳಕ್ಕೂ ಸಾಮಾನ್ಯವಾಗಿ ಒಳ್ಳೆಯದು.

ನೆರೆಯಲ್ಲಿ ಮುಳುಗಿದ ಕಾರನ್ನು ಗುರುತಿಸಲು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಸೀಟು ತೊಳೆಯುವವರು ಬೆಲ್ಟಿನ ಸುರುಳಿಯ ಬುಡದ ಕೆಸರಿನ ಗೆರೆಯನ್ನು ಮರೆಯುತ್ತಾರೆ. ಸೀಟಿನ ಹಳಿ, ಪೆಡಲ್ ಮೇಲಿನ ಸರಳು, ಫ್ಯೂಸ್ ಬಾಕ್ಸಿನೊಳಗಿನ ಪಿನ್ನು ತುಕ್ಕಾಗಿದ್ದರೂ ಅದೇ ಅರ್ಥ. ಅಂಥ ಕಾರಿನ ವೈರಿಂಗ್ ಇವತ್ತು ಕೆಲಸ ಮಾಡಿ ಆರು ತಿಂಗಳಾದ ಮೇಲೆ ಒಂದೊಂದೇ ಕೈಕೊಡುತ್ತದೆ. ತೋಟದ ಶೆಡ್ಡಿನಲ್ಲಿ ನಿಲ್ಲಿಸಿದ್ದ ಕಾರಾದರೆ ಇಲಿ ಕಡಿದ ವೈರನ್ನೂ ಹುಡುಕಿ, ಬಾನೆಟ್ ಒಳಗೆ ಟೇಪ್ ಸುತ್ತಿದ ಜಾಗಗಳೇ ಸುಳಿವು.

ಇಂಜಿನ್ ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥ ಕೆನೆ ಕಂಡರೆ, ಇಂಜಿನ್ನಿನಲ್ಲಿ ಎಣ್ಣೆ ಮತ್ತು ಕೂಲಂಟ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿದೆ ಎನ್ನುವುದು ರೂಢಿ. ಮಡಿಕೇರಿಯ ಮಳೆಗಾಲದಲ್ಲಿ ಹಾಗೇ ತೀರ್ಮಾನಿಸಬೇಡಿ. ದಿನವೂ ಸ್ವಲ್ಪವೇ ಓಡುವ ಇಂಜಿನ್ ಪೂರ್ತಿ ಬಿಸಿಯಾಗದೆ ಮುಚ್ಚಳದಲ್ಲಿ ತೇವ ಹೆಪ್ಪುಗಟ್ಟುವುದುಂಟು. ಡಿಪ್‌ಸ್ಟಿಕ್ಕಿನ ಎಣ್ಣೆಯೂ ಹಾಲು ಬೆರೆಸಿದ ಕಾಫಿಯಂತಿದ್ದರೆ, ಕೂಲಂಟ್ ಮೇಲೆ ಎಣ್ಣೆ ತೇಲಿದರೆ ಮಾತ್ರ ಗ್ಯಾಸ್ಕೆಟ್ ದೋಷ ಎನ್ನಬಹುದು. ಕೂಲಂಟ್ ಬದಲು ಬರೀ ನೀರು ಹಾಕಿ ತುಕ್ಕಿನ ಬಣ್ಣಕ್ಕೆ ತಿರುಗಿದ್ದರೂ ಘಾಟಿಯಲ್ಲಿ ಇಂಜಿನ್ ಮಿತಿಮೀರಿ ಬಿಸಿಯಾಗುತ್ತದೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ ರಬ್ಬರ್ ಗಟ್ಟಿಯಾಗಿ, ಗೆರೆ ಆಳವಿದ್ದರೂ ಒದ್ದೆ ಡಾಂಬರಿನಲ್ಲಿ ಜಾರುತ್ತದೆ. ಕಾನೂನು ಕೇಳುವ ಗೆರೆಯ ಆಳ 1.6 ಮಿಲಿಮೀಟರ್, ಇಲ್ಲಿನ ಮಳೆಗೆ 3ಕ್ಕಿಂತ ಕಡಿಮೆ ಬೇಡ. ಒಂದು ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ಇಲ್ಲವೇ ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮಿನ ರಬ್ಬರ್ ಬುಷ್ ಹೋಗಿದೆ.

ಕೀ ತಿರುಗಿಸಿದಾಗ ಏರ್‌ಬ್ಯಾಗ್ ಮತ್ತು ಎಬಿಎಸ್ ದೀಪಗಳು ಹೊತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ದೋಷ. ಹೊತ್ತಲೇ ಇಲ್ಲದಿದ್ದರೆ ಇನ್ನೂ ಕೆಟ್ಟದ್ದು, ಅಪಘಾತದಲ್ಲಿ ಬಿಚ್ಚಿಕೊಂಡ ಏರ್‌ಬ್ಯಾಗನ್ನು ಹೊಸದು ಹಾಕದೆ ದೀಪದ ಸಂಪರ್ಕ ಕಿತ್ತಿರಬಹುದು. ಬೆಲ್ಟಿನ ಬುಡದ ಚೀಟಿಯ ತಾರೀಖು ಕಾರಿನ ವರ್ಷಕ್ಕಿಂತ ಈಚಿನದಾಗಿದ್ದರೆ ಯಾಕೆ ಬದಲಾಯಿಸಿದ್ದು ಎಂದು ಕೇಳಿ.

"ನಮ್ಮೂರಿನ ತಂಪಿಗೆ ಏಸಿ ಯಾಕೆ" ಎಂದು ಮಾರುವವರು ನಗುತ್ತಾರೆ. ಏಸಿ ಇಲ್ಲಿ ಬೇಕಿರುವುದು ತಂಪಿಗಲ್ಲ, ಗಾಜಿಗೆ. ಒಳಗಿನ ತೇವ ಹೀರಿ ಗಾಜಿನ ಮಂಜು ಬಿಡಿಸುವುದು ಅದೇ. ಏಸಿ ಹಾಕಿ, ಗಾಳಿಯನ್ನು ಮುಂಗಾಜಿಗೆ ತಿರುಗಿಸಿ, ಬಿಸಿಗಾಳಿಯ ಕಡೆಗೆ ಇಟ್ಟು, ಹೊರಗಿನ ಗಾಳಿ ಬರುವಂತೆ ಮಾಡಿ ಪರೀಕ್ಷಿಸಿ. ಹಿಂದಿನ ಗಾಜಿಗೆ ಡಿಫಾಗರ್, ವೈಪರ್ ಇರುವ ಶ್ರೇಣಿ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಹಳದಿಗಟ್ಟಿದ ಹೆಡ್‌ಲೈಟನ್ನು ಪಾಲಿಶ್ ಮಾಡಿಸಬಹುದು. ರಾತ್ರಿ ತಿತಿಮತಿ, ಆನೆಕಾಡು ಕಡೆ ಓಡಾಡುವವರಿಗೆ ರಸ್ತೆಗಿಳಿದ ಆನೆ ಐವತ್ತು ಮೀಟರ್ ಮೊದಲೇ ಕಾಣಬೇಕು.

ಏರಿನಲ್ಲೂ ಇಳಿಜಾರಿನಲ್ಲೂ

ಟೆಸ್ಟ್ ಡ್ರೈವನ್ನು ಪೇಟೆಯಲ್ಲಿ ಒಂದು ಸುತ್ತು ಹಾಕಿ ಮುಗಿಸಬೇಡಿ. ಅರ್ಧ ಗಂಟೆ ಬೇಕು. ಅನುಭವಿಯೇ ಓಡಿಸಲಿ, ಆಮೇಲೆ ಲೈಸೆನ್ಸ್ ಇರುವ ಮಕ್ಕಳು ಕೂತು ಸೀಟಿನ ಎತ್ತರ, ಪೆಡಲ್ ಎಟಕುವುದು, ಹಿಂದಿನ ನೋಟ ಸರಿಯಿದೆಯೇ ನೋಡಲಿ.

ಏರಿನಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಮಾತ್ರ ಹಾಕಿ, ಗೇರ್ ನ್ಯೂಟ್ರಲ್ಲಿಗೆ ತಂದು, ಕಾಲು ಬ್ರೇಕಿನ ಮೇಲೆಯೇ ಸಿದ್ಧವಿಟ್ಟುಕೊಂಡು ಮೆಲ್ಲನೆ ಸಡಿಲಿಸಿ. ಆರೇಳು ಹಲ್ಲು ಎಳೆದರೂ ಉರುಳಿದರೆ ಕೇಬಲ್ಲೋ ಹಿಂದಿನ ಬ್ರೇಕ್ ಶೂಗಳೋ ಸವೆದಿವೆ. ಕ್ಲಚ್ಚಿಗೆ: ಮೂರನೇ ಗೇರಿನಲ್ಲಿ ಏರು ಹತ್ತುತ್ತಾ ಆಕ್ಸಿಲರೇಟರನ್ನು ಒಮ್ಮೆ ಗಟ್ಟಿಯಾಗಿ ಒತ್ತಿ. ಇಂಜಿನ್ ಸದ್ದು ಏರಿ ವೇಗ ಏರದಿದ್ದರೆ ಪ್ಲೇಟ್ ಜಾರುತ್ತಿದೆ. ರಿವರ್ಸಿನಲ್ಲಿ ಏರು ಹತ್ತಿಸುವಾಗ ಕಾರು ನಡುಗಿದರೂ ಕ್ಲಚ್ಚನ್ನೇ ಸಂಶಯಿಸಿ. ಅರ್ಧ ಕ್ಲಚ್ಚಿನಲ್ಲಿ ಏರಿನ ಮೇಲೆ ಕಾರನ್ನು ತಡೆದು ನಿಲ್ಲಿಸುವ ಅಭ್ಯಾಸ ಇಲ್ಲಿ ಬಹಳ, ಹಾಗಾಗಿ ಕೊಡಗಿನ ಕೆಎ-12ರ ಕಾರಿನಲ್ಲಿ ಕ್ಲಚ್ ಸೆಟ್ಟಿನ ಖರ್ಚನ್ನು ಚೌಕಾಸಿಯಲ್ಲಿ ಮೊದಲೇ ಸೇರಿಸಿ.

ಇಳಿಜಾರು ಮುಖ್ಯವಾದದ್ದು. ಎರಡು-ಮೂರು ಕಿಲೋಮೀಟರ್ ಇಳಿದು, ಹಿಂದೆ ಯಾರೂ ಇಲ್ಲದಾಗ 40ರ ವೇಗದಿಂದ ಗಟ್ಟಿಯಾಗಿ ಬ್ರೇಕ್ ಒತ್ತಿ. ಸ್ಟೀರಿಂಗ್ ನಡುಗಿದರೆ ಡಿಸ್ಕ್ ಸೊಟ್ಟಗಾಗಿದೆ, ಒಂದು ಬದಿಗೆ ಎಳೆದರೆ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್ ಅಂಟಿಕೊಂಡಿರಬಹುದು. ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ಬ್ರೇಕ್ ಎಣ್ಣೆಯನ್ನು ಸಂಶಯಿಸಿ. ಡಾಟ್ 4 ದರ್ಜೆಯ ಬ್ರೇಕ್ ಎಣ್ಣೆ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ. ಗಾಳಿಯ ತೇವ ಹೀರಿಕೊಂಡ ಮೇಲೆ ಆ ಮಿತಿ 155ರ ಸುಮಾರಿಗೆ ಇಳಿಯಬಹುದು. ಘಾಟಿಯ ಬಿಸಿಗೆ ಕುದ್ದು ಗುಳ್ಳೆಯೆದ್ದರೆ ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ. ಕೊನೆಗೆ, ಗುಂಡಿ ಬಿದ್ದ ರಸ್ತೆಯಲ್ಲಿ ಕಿಟಕಿ ಇಳಿಸಿ ನಿಧಾನ ಹೋಗಿ. ಟಕಟಕ ಸದ್ದು ಲಿಂಕ್ ರಾಡಿನದು, ಅದು ಅಗ್ಗದ ಕೆಲಸ. ದಪ್ಪನೆಯ ಧಡ್ ಎನ್ನುವ ಸದ್ದಾದರೆ ಶಾಕ್ ಅಬ್ಸಾರ್ಬರ್ ಅಥವಾ ಬುಷ್ ಇರಬಹುದು, ಗ್ಯಾರೇಜಿನಲ್ಲಿ ಎತ್ತಿಸಿ ನೋಡಿ.

ಇಷ್ಟಾದ ಮೇಲೂ ಮಾರುವವರ ಪರಿಚಯದವರಲ್ಲದ ಒಬ್ಬ ಮೆಕ್ಯಾನಿಕ್‌ಗೆ ಹಣ ಕೊಟ್ಟು, ಕಾರಿನ ಕಂಪ್ಯೂಟರಿನಿಂದ ದೋಷ ಓದುವ ಸ್ಕ್ಯಾನರ್ ಹಾಕಿಸಿ. ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ನೋಂದಣಿ ಸಂಖ್ಯೆಯ ಹಳೆಯ ದಾಖಲೆ ಸಿಕ್ಕರೆ, ಓಡಿದ ಕಿಲೋಮೀಟರನ್ನು ಮೀಟರಿನೊಂದಿಗೆ ಹೋಲಿಸಿ. ಮೀಟರ್ 40,000 ತೋರಿಸಿ ಕ್ಲಚ್ ಪೆಡಲಿನ ರಬ್ಬರ್ ನುಣುಪಾಗಿ ಸವೆದಿದ್ದರೆ ಪೆಡಲನ್ನೇ ನಂಬಿ.

ಕಾಗದಪತ್ರ

ಎಂಪರಿವಾಹನ್ ಆ್ಯಪಿನಲ್ಲಿ ಸಾಲ, ವಿಮೆ, ಎಷ್ಟನೇ ಮಾಲೀಕರು ಎಂಬುದನ್ನು ನೋಡಿ, ಛಾಸಿ ಸಂಖ್ಯೆಯನ್ನು ಕಾರಿನ ಮೇಲೆ ಕೊರೆದದ್ದರೊಂದಿಗೆ ಹೋಲಿಸಿ. ಬಾಕಿ ದಂಡವಿದ್ದರೆ ಮಾರುವವರೇ ಕಟ್ಟಲಿ. ಮಾಲೀಕತ್ವ ಬದಲಿಸಲು ಫಾರ್ಮ್ 29, 30. ಸಾಲ ತೀರಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರದ (ಎನ್ಒಸಿ) ಜೊತೆ ಫಾರ್ಮ್ 35. ಕೊಂಡವರು 30 ದಿನದೊಳಗೆ ಆರ್‌ಟಿಒಗೆ, 14 ದಿನದೊಳಗೆ ವಿಮಾ ಕಂಪನಿಗೆ ತಿಳಿಸಬೇಕು. ವಿಮೆ ಕ್ಲೇಮ್ ಮಾಡದ್ದಕ್ಕೆ ಮಾರಿದವರಿಗೆ ಸಿಗುವ ರಿಯಾಯಿತಿ (ನೋ ಕ್ಲೇಮ್ ಬೋನಸ್) ನಿಮಗೆ ಬರುವುದಿಲ್ಲ.

ಗಡಿಯಾಚೆ ಕೇರಳದ ಕಾರು ಅಗ್ಗವೆಂದು ಕಾಣುತ್ತದೆ. ಅಲ್ಲಿನ ಎನ್ಒಸಿ ತರಬೇಕು, ಇಲ್ಲಿ ಮರುನೋಂದಣಿ ಮಾಡಿಸಿ ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ಅದನ್ನು ಕೂಡಿಸಿದ ಮೇಲೂ ಅಗ್ಗವಾದರೆ ಮುಂದುವರಿಯಿರಿ. ಯಾರ ಹೆಸರಿಗೆ ಕಾರು ಎಂಬುದನ್ನೂ ಯೋಚಿಸಿ. ಮಾಲೀಕ-ಚಾಲಕರ ₹15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಆರ್‌ಸಿಯಲ್ಲಿ ಹೆಸರಿರುವವರಿಗೆ ಮಾತ್ರ. ಅಪ್ಪನ ಹೆಸರಿನ ಕಾರನ್ನು ಮಗಳು ಓಡಿಸುವುದಾದರೆ ಅವಳಿಗೆ ಬೇರೆ ಅಪಘಾತ ವಿಮೆ ಮಾಡಿಸಿ.

ಕೊಂಡ ವಾರದಲ್ಲೇ

ಬಜೆಟ್ಟಿನ ಐದನೇ ಒಂದು ಭಾಗವನ್ನು ಇದಕ್ಕೆಂದೇ ತೆಗೆದಿಡಿ. ಬ್ರೇಕ್ ಎಣ್ಣೆ, ಕೂಲಂಟ್, ಇಂಜಿನ್ ಆಯಿಲ್, ವೈಪರ್ ಬ್ಲೇಡು ಹೊಸದಾಗಲಿ, ಮಾರಿದವರು ನಿನ್ನೆಯೇ ಹಾಕಿಸಿದೆ ಎಂದರೂ ಸರಿ. ಟೈರ್ ಎರಡನ್ನು ಮಾತ್ರ ಬದಲಿಸುವುದಾದರೆ ಹೊಸವನ್ನು ಹಿಂದಿನ ಚಕ್ರಗಳಿಗೆ ಹಾಕಿಸಿ. ಮುಂದಿನ ಚಕ್ರ ಎಳೆಯುವ ಕಾರಲ್ಲವೇ ಎಂದು ಎಲ್ಲರೂ ಮುಂದೆ ಹಾಕಿಸುತ್ತಾರೆ. ಆದರೆ ಮುಂದಿನದು ಜಾರಿದರೆ ಆಕ್ಸಿಲರೇಟರ್ ಬಿಟ್ಟಾಗ ಹಿಡಿತ ಮರಳಿ ಸಿಗಬಹುದು, ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಹೊಸಬರಿಗೆ ಅದನ್ನು ತಿದ್ದಲಾಗದು.

ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯುವುದನ್ನು ಮದೆನಾಡು ಕಡೆಯ ಇಳಿಜಾರಿನಲ್ಲಿ ಹಗಲು, ಒಣ ರಸ್ತೆಯಲ್ಲಿ ಪಕ್ಕದಲ್ಲಿ ಕೂತು ಹತ್ತಾರು ಸಲ ಮಾಡಿಸಿ. ಡಿಕ್ಕಿಯಲ್ಲಿ ಟಾರ್ಚು, ಗಾಜು ಒರೆಸಲು ಹತ್ತಿಯ ಬಟ್ಟೆ, ಚಕ್ರಕ್ಕೆ ಕೊಡಲು ಬೆಣೆಯಂತೆ ಕೊಯ್ದ ಎರಡು ಮರದ ತುಂಡುಗಳಿರಲಿ. ಸ್ಟೆಪ್ನಿ ಹಾಕುವುದನ್ನು ಮನೆಯ ಕಣದ ಸಮತಟ್ಟಿನಲ್ಲಿ ಕಲಿತವರು ಇಳಿಜಾರಿನಲ್ಲಿ ಮೊದಲು ಮರೆಯುವುದು ಈ ಬೆಣೆಯನ್ನೇ. ಮೊದಲು ಹ್ಯಾಂಡ್ ಬ್ರೇಕ್, ಫಸ್ಟ್ ಗೇರ್, ಅದಾದ ಮೇಲೆ ಬೆಣೆ, ಚಕ್ರದ ನಟ್ ಅರ್ಧ ಸುತ್ತು ಸಡಿಲ, ಆಮೇಲೆ ಜಾಕ್.