ಸಿಮ್ ಬದಲಾಯಿಸಿದೆ, ಯುಪಿಐ ಕೈಕೊಟ್ಟಿತು

ನನ್ನ ನಂಬರ್ ಹಳೆಯದು. ನೋಕಿಯಾ ಕೀಪ್ಯಾಡ್ ಫೋನಿನಿಂದ ಈಗಿನ ಡ್ಯುಯಲ್ ಸಿಮ್ ಆಂಡ್ರಾಯ್ಡ್‌ವರೆಗೂ ಅದೇ ಇದೆ. ಕಂಪನಿ ಮಾತ್ರ ಮತ್ತೆ ಬದಲಾಯಿಸಿದೆ. ಶಿರಸಿ ಕಡೆಯ ನಮ್ಮ ಮನೆಯೊಳಗೆ ಸಿಗ್ನಲ್ಲೇ ಸಿಗುತ್ತಿರಲಿಲ್ಲ.

ಪೋರ್ಟ್ ಮಾಡುವುದು, ಅಂದರೆ ನಂಬರ್ ಉಳಿಸಿಕೊಂಡು ಕಂಪನಿ ಬದಲಾಯಿಸುವುದು, ಸುಲಭ. 1900ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಹೊಸ ಕಂಪನಿಗೆ ಕೊಡಬೇಕಾದ ಯುಪಿಸಿ ಕೋಡ್ ಬರುತ್ತದೆ. ನಮ್ಮಲ್ಲಿ ಆ ಕೋಡ್ 4 ದಿನ ನಡೆಯುತ್ತದೆ.

ತಲೆನೋವು ಶುರುವಾಗಿದ್ದು ಹೊಸ ಸಿಮ್ಮನ್ನು ಹೊಸ ಫೋನಿಗೆ ಹಾಕಿದ ಮೇಲೆ. ಯುಪಿಐ ಆ್ಯಪ್ ನನ್ನ ನಂಬರನ್ನು ಒಪ್ಪಲೇ ಇಲ್ಲ. ಆ್ಯಪ್ ಅಳಿಸಿ ಮತ್ತೆ ಹಾಕಿ ಎಂದರು. ಎಲ್ಲರೂ ಹೇಳುವುದು ಅದನ್ನೇ ಅಲ್ವಾ? ಸುಮ್ನೆ ಡೇಟಾ ಖರ್ಚು.

ಈ ಆ್ಯಪ್‌ಗಳಿಗೆ ಒಟಿಪಿ ಬಂದರೆ ಸಾಲದು. ನಮ್ಮ ಸಿಮ್‌ನಿಂದಲೇ ಒಂದು ಎಸ್ಸೆಮ್ಮೆಸ್ ಹೊರಗೆ ಹೋಗಬೇಕು. ನನ್ನ ಹೊಸ ಪ್ಲಾನಿನಲ್ಲಿ ಎಸ್ಸೆಮ್ಮೆಸ್ ಇರಲಿಲ್ಲ, ಮೇನ್ ಬ್ಯಾಲೆನ್ಸ್ ಸೊನ್ನೆ. ಮೆಸೇಜ್ ಹೊರಟೇ ಇರಲಿಲ್ಲ! 10 ರೂಪಾಯಿ ಟಾಪ್‌ಅಪ್ ಹಾಕಿದೆ. ಸೆಟ್ಟಿಂಗ್ಸ್‌ನಲ್ಲಿ ಎಸ್ಸೆಮ್ಮೆಸ್‌ಗೆ ಬ್ಯಾಂಕಿಗೆ ಕೊಟ್ಟಿರುವ ನಂಬರಿನ ಸಿಮ್ಮನ್ನೇ ಆರಿಸಿದೆ. ಆ್ಯಪಿಗೆ ಎಸ್ಸೆಮ್ಮೆಸ್ ಅನುಮತಿಯನ್ನೂ ಕೊಟ್ಟೆ. ಕೂಡಲೇ ಕೆಲಸ ಆಯಿತು.

ಇನ್ನೊಂದು ವಿಷಯ. ಹಳೆ ಸಿಮ್ಮಿನಲ್ಲಿ ಸೇವ್ ಆದ ಹೆಸರುಗಳು ಹೊಸದಕ್ಕೆ ತಾವಾಗಿ ಬರುವುದಿಲ್ಲ. ಅದನ್ನು ಎಸೆಯುವ ಮೊದಲು ಫೋನಿಗೆ ಹಾಕಿ, ಎಲ್ಲವನ್ನೂ ಗೂಗಲ್ ಖಾತೆಗೆ ಇಂಪೋರ್ಟ್ ಮಾಡಿಕೊಳ್ಳಿ.