ಮೊಳೆ ಹೋದ ಮೇಲೆ ಉಳಿದ ಕೆಲಸ

ಅರಸೀಕೆರೆಯಲ್ಲಿ ನಮ್ಮ ತಂದೆಯವರು ನಡೆಸುತ್ತಿದ್ದ ಮುದ್ರಣಾಲಯ 1998ರಲ್ಲಿ ನನ್ನ ಕೈಗೆ ಬಂದಾಗ ಅಲ್ಲಿದ್ದುದು ಒಂದು ಟ್ರೆಡಲ್ ಅಚ್ಚು ಯಂತ್ರ, ಒಂದು ಕಟಿಂಗ್ ಯಂತ್ರ ಮತ್ತು ಗೋಡೆಯುದ್ದಕ್ಕೂ ಅಚ್ಚುಮೊಳೆಗಳ, ಎಂದರೆ ಒಂದೊಂದು ಅಕ್ಷರ ಹೊತ್ತ ಸೀಸದ ತುಂಡುಗಳ, ಕೇಸುಗಳು. ಮೂಲಾಕ್ಷರ, ಗುಣಿತಾಕ್ಷರ, ಒತ್ತಕ್ಷರ ಎಂದು ನೂರಾರು ಮನೆಗಳಿದ್ದ ಆ ಕೇಸಿನ ಮುಂದೆ ನಿಂತು, ನೋಡದೆಯೇ ಮೊಳೆ ಎತ್ತಿ ಸಾಲು ಕಟ್ಟುವ ಸ್ಟಿಕ್ಕಿಗೆ ಜೋಡಿಸುತ್ತಿದ್ದ ಹಿರಿಯ ಕಂಪೋಸಿಟರ್ ಒಬ್ಬರಿದ್ದರು. ತಲೆಕೆಳಗಾದ ಅಕ್ಷರಗಳನ್ನು ಅವರು ದಿನಪತ್ರಿಕೆ ಓದಿದಷ್ಟೇ ಸಲೀಸಾಗಿ ಓದುತ್ತಿದ್ದರು.

2003ರಲ್ಲಿ ನಾನು ಕಂಪ್ಯೂಟರ್ ಕೊಂಡು, ಕನ್ನಡ ಟೈಪು ಮಾಡುವ ‘ನುಡಿ’ ತಂತ್ರಾಂಶ ಹಾಕಿಸಿ, ಮೊಳೆಯ ಬದಲು ಪುಟ ಮೂಡಿಸಿದ ಪ್ಲೇಟಿನಿಂದ ಮುದ್ರಿಸುವ ಹಳೆಯದೊಂದು ಮಿನಿ ಆಫ್‌ಸೆಟ್ ಯಂತ್ರವನ್ನೂ ತಂದೆ. ಮೊಳೆಗಳು ಸೀಸದ ಬೆಲೆಗೆ ಕೆ.ಜಿ. ಲೆಕ್ಕದಲ್ಲಿ ತೂಕಕ್ಕೆ ಹೋದವು. ಕಂಪೋಸಿಟರನ್ನು ಕಳಿಸಲು ಮನಸ್ಸು ಬಾರದೆ, ಫಾರಂ (ಹಲವು ಪುಟ ಒಟ್ಟಿಗೆ ಅಚ್ಚಾದ ಹಾಳೆ) ಮಡಿಚುವ, ಬಿಲ್‌ಬುಕ್ಕಿಗೆ ಪಿನ್ ಹೊಡೆಯುವ ಕೆಲಸಕ್ಕೆ ಕೂರಿಸಿದೆ. ಯಂತ್ರ ಬದಲಾಯಿತು, ಇನ್ನು ನಾನು ಕಾಲಕ್ಕೆ ತಕ್ಕಂತೆ ಇದ್ದೇನೆ ಎಂಬ ನೆಮ್ಮದಿ ನನಗೆ ಬಹಳ ವರ್ಷ ಇತ್ತು.

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಪೇಟೆಯ ಅಂಗಡಿಯವರೆಲ್ಲ 29ರಿಂದ ಆರಂಭವಾಗುವ 15 ಅಂಕಿ-ಅಕ್ಷರಗಳ ಹೊಸ ನೋಂದಣಿ ಸಂಖ್ಯೆ ಹಾಕಿಸಿಕೊಳ್ಳಲು ಬಿಲ್‌ಬುಕ್ಕಿಗೆ ಮುಗಿಬಿದ್ದರು. ಎರಡು ತಿಂಗಳು ನಮಗೆ ನಿದ್ದೆ ಇರಲಿಲ್ಲ. ಆದರೆ ಅದೇ ತೆರಿಗೆಯ ಲೆಕ್ಕಕ್ಕೆಂದು ಒಬ್ಬೊಬ್ಬರೇ ಕಂಪ್ಯೂಟರ್ ಬಿಲ್ಲಿಗೆ ಹೋದರು. ಬಿಲ್‌ಬುಕ್ಕಿನ ಕೆಲಸ ಅರ್ಧಕ್ಕಿಳಿಯಿತು. ಲಗ್ನಪತ್ರಿಕೆಯೂ ವಾಟ್ಸ್‌ಆ್ಯಪ್‌ನಲ್ಲಿ ಹೋಗತೊಡಗಿ, ಸಾವಿರ ಹಾಕಿಸುತ್ತಿದ್ದವರು ದೇವರ ಮುಂದಿಡಲು ಮತ್ತು ಹತ್ತಿರದ ನೆಂಟರಿಗೆ ಕೊಡಲು ನೂರು ಸಾಕು ಎನ್ನುತ್ತಿದ್ದರು. ಹಾಗಾಗಿ ಸ್ಮರಣ ಸಂಚಿಕೆ, ಕವನ ಸಂಕಲನ, ಅಭಿನಂದನ ಗ್ರಂಥಗಳ ಕೆಲಸ ಹಿಡಿದೆ.

ಮೊದಲ ಸ್ಮರಣ ಸಂಚಿಕೆಯಲ್ಲೇ ಎಡವಿದೆ. ಲೇಖನಗಳು ಯುನಿಕೋಡ್‌ನಲ್ಲಿ, ನಾಲ್ಕಾರು ಮಂದಿ ತಮ್ಮ ತಮ್ಮ ಅಭ್ಯಾಸದಂತೆ ಟೈಪು ಮಾಡಿದ ರೂಪದಲ್ಲಿ ಬಂದಿದ್ದವು. ಅವರಲ್ಲೊಬ್ಬರು ಅರ್ಕಾವತ್ತು ಬರಬೇಕಾದ ಕಡೆಯಲ್ಲೆಲ್ಲ ಕನ್ನಡದ ಒಂಬತ್ತನ್ನು ಒತ್ತಿದ್ದರು. ‘ಧಮ೯’ ಎಂದರೆ ಕಣ್ಣಿಗೆ ‘ಧರ್ಮ’ವೇ. ಸಂಪಾದಕರು ಕನ್ನಡ ಅಂಕಿ ಬೇಡ, ಇಂಗ್ಲಿಷ್ ಅಂಕಿಯೇ ಇರಲಿ ಎಂದಿದ್ದರಿಂದ, ನಾನು ಇಡೀ ಕಡತದಲ್ಲಿ ಅಂಕಿಗಳನ್ನು ಒಂದೇ ಏಟಿಗೆ ಬದಲಿಸಿ, ಮತ್ತೊಮ್ಮೆ ಓದದೆ ಮುದ್ರಣಕ್ಕೆ ಕೊಟ್ಟೆ. ಎರಡು ಫಾರಂ ಅಚ್ಚಾದ ಮೇಲೆ, ಮಡಿಚಲು ಕುಳಿತಿದ್ದ ನಮ್ಮ ಹಿರಿಯ ಕಂಪೋಸಿಟರ್ ಒಂದು ಹಾಳೆಯನ್ನು ಬೆಳಕಿಗೆ ಹಿಡಿದು, “ಏನು ಸ್ವಾಮಿ, ಧರ್ಮದ ಬಾಲಕ್ಕೆ ಒಂಬತ್ತು ಬಂದು ಕೂತಿದೆಯಲ್ಲ!” ಎಂದರು. ನೋಡಿದರೆ ‘ಧಮ9’, ‘ಕಮ9’, ‘ವಷ9’. ಅಷ್ಟೂ ಹಾಳೆ ರದ್ದಿಗೆ ಹೋಯಿತು, ಕಾಗದದ ಹಣ ನನ್ನ ಜೇಬಿನಿಂದಲೇ.

ನಾನು ಮೊಳೆಯ ಜೊತೆಗೆ ಮೊಳೆ ಓದುವ ಕಣ್ಣನ್ನೂ ಮೂಲೆಗೆ ಹಾಕಿದ್ದೆನೆಂಬುದು ಆವತ್ತು ತಿಳಿಯಿತು. ಮರುದಿನದಿಂದ ಅವರಿಗೆ ಕಿಟಕಿಯ ಪಕ್ಕದಲ್ಲಿ ಮೇಜು, ಕೆಂಪು ಶಾಯಿಯ ಪೆನ್ನು ಕೊಟ್ಟೆ. ಕಂಪ್ಯೂಟರನ್ನು ಅವರು ಇವತ್ತಿಗೂ ಮುಟ್ಟುವುದಿಲ್ಲ, ನಾನೂ ಒತ್ತಾಯಿಸಿಲ್ಲ. ಕಡತ ಬಂದೊಡನೆ ಅಕ್ಷರಗಳ ನಡುವೆ ಸಿಕ್ಕಿಕೊಂಡ ಒಂಬತ್ತನ್ನೂ, ಅನುಸ್ವಾರದ ವೇಷ ಹಾಕಿದ ಸೊನ್ನೆಯನ್ನೂ ನಾನು ಮೊದಲು ಹುಡುಕಿ ತೆಗೆಯುತ್ತೇನೆ. ಆಮೇಲೆ ಕಾಗದದ ಮೇಲೆ ಕರಡು ತೆಗೆದು ಅವರ ಮುಂದಿಡುತ್ತೇನೆ. ಅವರ ಸಹಿ ಬೀಳದೆ ಪ್ಲೇಟ್ ಮಾಡಿಸುವುದಿಲ್ಲ. ಇದರಿಂದ ಪ್ರತಿ ಪುಸ್ತಕಕ್ಕೂ ಮೂರು ನಾಲ್ಕು ದಿನ ಹೆಚ್ಚು ಹಿಡಿಯುತ್ತದೆ, ಅವಸರದ ಕೆಲವು ಗಿರಾಕಿಗಳು ಬೇರೆ ಕಡೆ ಹೋದದ್ದೂ ಉಂಟು. ಆದರೆ ಈಗ ಬರುವ ಪುಸ್ತಕಗಳಲ್ಲಿ ಹೆಚ್ಚಿನವು ಒಮ್ಮೆ ಮಾಡಿಸಿಕೊಂಡವರು ಕಳಿಸಿದವು. ಬಿಲ್ಲಿನಲ್ಲಿ ‘ಕರಡು ತಿದ್ದಿದ್ದಕ್ಕೆ’ ಎಂದು ಬೇರೆಯೇ ಸಾಲು ಬರೆಯುತ್ತೇನೆ. ಚೌಕಾಸಿ ಮಾಡುವವರು ಮೊದಲು ಹೊಡೆದುಹಾಕಲು ನೋಡುವುದು ಆ ಸಾಲನ್ನೇ. ಕಾಗದದಲ್ಲಿ, ಬೈಂಡಿಂಗಿನಲ್ಲಿ ಬೇಕಾದರೆ ಸ್ವಲ್ಪ ಬಿಡುತ್ತೇನೆ, ಅದರಲ್ಲಿ ಮಾತ್ರ ಬಿಡುವುದಿಲ್ಲ.