ಹತ್ತು ದಿನ, ಒಂದು ಸೋಪಿನ ಕವರ್

ಮಾತಾಡದೆ ಹತ್ತು ದಿನ ಹೇಗಿದ್ರಿ ಅಂತಲೇ ಎಲ್ಲರೂ ಕೇಳುತ್ತಾರೆ. ಮಾತು ಬಿಡೋದು ನನಗೆ ಕಷ್ಟವಾಗಲೇ ಇಲ್ಲ. ಎರಡನೇ ದಿನಕ್ಕೇ ಆರಾಮ ಅನ್ನಿಸಿತು. ಸತಾಯಿಸಿದ್ದು ಬೇರೆ: ಓದೋಕೆ ಏನೂ ಇರಲಿಲ್ಲ.

ನಾನು ಹೋಗಿದ್ದು ಬೆಂಗಳೂರಿನ ಹೊರಗೆ, ತುಮಕೂರು ರಸ್ತೆಯಿಂದ ಒಳಕ್ಕಿರುವ ಧಮ್ಮ ಪಫುಲ್ಲ ಅನ್ನೋ ಧ್ಯಾನ ಕೇಂದ್ರಕ್ಕೆ. ಧ್ಯಾನ ಗುರು ಎಸ್.ಎನ್. ಗೋಯೆಂಕಾ ಅವರ ಪದ್ಧತಿಯ ವಿಪಶ್ಯನ ಧ್ಯಾನ ಶಿಬಿರ. ಫೀಸ್ ಇಲ್ಲ, ಮುಗಿದ ಮೇಲೆ ಕೈಲಾದಷ್ಟು ದಾನ ಕೊಡಬಹುದು. ಫೋನ್ ಕೊಟ್ಟುಬಿಡಬೇಕು ಅಂತ ಗೊತ್ತಿತ್ತು. ಪುಸ್ತಕ, ಪೆನ್ನೂ ಹೋದಾಗ ಮಾತ್ರ ಹೊಟ್ಟೆಯಲ್ಲಿ ಸ್ವಲ್ಪ ಕಸಿವಿಸಿ.

ಬೆಳಗಿನ ಜಾವ 4ಕ್ಕೆ ಗಂಟೆ ಬಾರಿಸುತ್ತಾರೆ. ದಿನಕ್ಕೆ ಹತ್ತು ಗಂಟೆಯಷ್ಟು ಧ್ಯಾನ. ಮೊದಲ ಮೂರು ದಿನ ಆನಾಪಾನ, ಅಂದರೆ ಮೂಗಿನಲ್ಲಿ ಬಂದು ಹೋಗುವ ಉಸಿರನ್ನು ಸುಮ್ನೆ ಗಮನಿಸೋದು. ನನ್ನ ತಲೆಯಲ್ಲೋ, ಚಿಕ್ಕಂದಿನ ಟಿವಿ ಜಾಹೀರಾತುಗಳು ಒಂದಾದ ಮೇಲೊಂದು. ತೊಡೆಯ ಹತ್ತಿರ ಫೋನ್ ಗುಂಯ್‌ಗುಟ್ಟಿದ ಹಾಗಾಗುತ್ತಿತ್ತು. ಜೇಬಿಗೆ ಕೈ ಹಾಕಿದರೆ ಕರ್ಚೀಫು!

ಮೂರನೇ ದಿನ ಮಧ್ಯಾಹ್ನ ಊಟವಾದ ಮೇಲೆ, ಕಿಟಕಿಯ ಕಟ್ಟೆ ಮೇಲಿದ್ದ ಸೋಪಿನ ಕವರ್ ಕೈಗೆತ್ತಿಕೊಂಡೆ. ತೂಕ, ಬೆಲೆ, ತಯಾರಿಸಿದ ತಿಂಗಳು, ಟಿಎಫ್‌ಎಂ (ಸೋಪಿನಲ್ಲಿರುವ ಕೊಬ್ಬಿನಂಶ) 76%. ಅಷ್ಟೂ ಓದಿದೆ. ಮತ್ತೆ ಮೊದಲಿಂದ ಓದಿದೆ. ಕಳ್ಳತನ ಮಾಡಿದ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ರೂಮಿನ ಜೊತೆಗಾರ ಬರುವ ಸದ್ದಾಯಿತು. ಟಕ್ಕನೆ ಅದನ್ನು ಇದ್ದಲ್ಲೇ ಇಟ್ಟೆ.

ನಾಲ್ಕನೇ ದಿನ ವಿಪಶ್ಯನ ಹೇಳಿಕೊಡುತ್ತಾರೆ: ತಲೆಯಿಂದ ಪಾದದವರೆಗೆ ಮೈಯಲ್ಲಿ ಏನೇನಾಗುತ್ತಿದೆ ಅಂತ ನೋಡುತ್ತಾ ಹೋಗಬೇಕು. ಆಮೇಲೆ ದಿನಕ್ಕೆ ಮೂರು ಸಲ, ಒಂದೊಂದು ಗಂಟೆ, ಅಲ್ಲಾಡದೆ ಕೂರುವ ಪ್ರಯತ್ನ. ಮೊಣಕಾಲು ಜೀವ ಹಿಂಡಿತು. ಐದನೇ ದಿನ ನಾಚಿಕೆ ಬಿಟ್ಟು ಕುರ್ಚಿ ಕೇಳಿದೆ. ಮಂಡಿ ನೋವಿದ್ದವರು ಮೊದಲೇ ಕೇಳಿಬಿಡಿ, ಒಣ ಹಟ ಬೇಡ.

ಆರನೇ ದಿನದ ಹೊತ್ತಿಗೆ ಕಣ್ಣಿನ ಹಸಿವು ಇಳಿಯಿತು. ಸಂಜೆ 5ರ ಟೀ, ಪುರಿ ಮುಗಿಸಿ ಲೋಟ ತೊಳೆಯುತ್ತಿದ್ದೆ. ಸ್ಟೀಲಿನ ಮೇಲೆ ಒಂದು ನೀರಿನ ಹನಿ ತಡೆದು ತಡೆದು ಕೆಳಗಿಳಿಯಿತು. ಅದನ್ನೇ ನೋಡುತ್ತಾ ನಿಂತೆ. ಹಿಂದೆ ಸಾಲಿನಲ್ಲಿದ್ದವರು ಪಾಪ, ಬೈಯುವ ಹಾಗೂ ಇರಲಿಲ್ಲ.

ಹತ್ತನೇ ದಿನ ಮೌನ ಮುಗಿಯಿತು. ಜೊತೆಗಾರ ಗೊರಕೆಗೆ ಕ್ಷಮೆ ಕೇಳಬಹುದು ಅಂದುಕೊಂಡಿದ್ದೆ. ಅವರು ಕಿಟಕಿ ಕಡೆ ನೋಡಿ ನಕ್ಕರು. "ಸಾರ್, ಆ ಸೋಪಿನ ಕವರ್ ನೀವೂ ಓದಿದ್ರಾ?"